ವ್ಯಾಪಾರಕ್ಕೆ ವಿದೇಶ ಪ್ರಯಾಣ: ಮಂಗಳೂರೋ, ಗೋವಾವೋ, ಬೆಂಗಳೂರೋ?

ಉತ್ತರ ಕನ್ನಡದಿಂದ ಕಾಳುಮೆಣಸು, ಏಲಕ್ಕಿ ವ್ಯಾಪಾರಕ್ಕೆ ವಿದೇಶಕ್ಕೆ ಹೊರಟಿದ್ದೀರಾ? ಟಿಕೆಟ್ ದರ ಆಮೇಲೆ ನೋಡಿ. ಮೊದಲು ಯಾವ ವಿಮಾನ ನಿಲ್ದಾಣ ಅಂತ ತೀರ್ಮಾನಿಸಿ.

ದುಬೈಗಾದರೆ ನನ್ನ ಆಯ್ಕೆ ಮಂಗಳೂರು. ನೇರ ವಿಮಾನವಿದೆ. ಭಟ್ಕಳ, ಹೊನ್ನಾವರದವರಿಗಂತೂ ಬೇರೆ ಯೋಚನೆಯೇ ಬೇಡ. ಮಳೆಗಾಲದಲ್ಲಿ ಮಾತ್ರ ಹುಷಾರು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಎಷ್ಟೋ ದಿನ ಬಂದ್ ಆಗಿತ್ತು. ಹಾಗಾಗಿ ಕಾರವಾರದವರು ಹಿಂದಿನ ದಿನವೇ ಮಂಗಳೂರು ಸೇರಿಬಿಡಿ. ದುಬೈನಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಶುಕ್ರವಾರ ಮಧ್ಯಾಹ್ನಕ್ಕೆ ಭೇಟಿ ಇಟ್ಟುಕೊಳ್ಳಬೇಡಿ.

ಕಾರವಾರಕ್ಕೆ ಹತ್ತಿರ ಗೋವಾ, ಅದು ನಿಜ. ಆದರೆ ಅಲ್ಲಿ ಎರಡು ನಿಲ್ದಾಣ. ದಾಬೋಲಿಂ ಸುಮಾರು 100 ಕಿ.ಮೀ. 2023ರ ಜನವರಿಯಲ್ಲಿ ಶುರುವಾದ ಮೋಪಾ ಗೋವಾದ ಉತ್ತರ ತುದಿಯಲ್ಲಿದೆ. ಟಿಕೆಟ್‌ನಲ್ಲಿ ಜಿಓಐ ಎಂದಿದ್ದರೆ ದಾಬೋಲಿಂ, ಜಿಓಎಕ್ಸ್ ಎಂದಿದ್ದರೆ ಮೋಪಾ. ಇದನ್ನು ಎರಡು ಸಲ ನೋಡಿ.

ಯುರೋಪಿಗೆ ಬೆಂಗಳೂರೇ ಸರಿ. ಫ್ರಾಂಕ್‌ಫರ್ಟ್, ಲಂಡನ್‌ಗೆ ನೇರ ವಿಮಾನ ಸಿಗುತ್ತದೆ. ಶಿರಸಿಯವರಿಗೆ ರಾತ್ರಿ ಬಸ್ಸಿದೆ. ಆದರೆ ಬಸ್ಸಿನಲ್ಲಿ ಒಂದು ರಾತ್ರಿ, ವಿಮಾನದಲ್ಲಿ ಇನ್ನೊಂದು ರಾತ್ರಿ ನಿದ್ದೆಗೆಟ್ಟರೆ ಮೈ ಕೇಳುವುದಿಲ್ಲ. ಇಳಿದ ದಿನವೇ ದರ ಮಾತಾಡಲು ಕೂರಬೇಡಿ. ಇಷ್ಟೆಲ್ಲ ಕಷ್ಟವಿದ್ದರೂ ಹೋಗಿ ಅನ್ನುತ್ತೇನೆ. ಕೊಳ್ಳುವವರು ನಿಮ್ಮೆದುರೇ ಮೆಣಸು ಉಜ್ಜಿ ಮೂಸಿ ನೋಡಿದಾಗ ಹುಟ್ಟುವ ನಂಬಿಕೆ ವಿಡಿಯೊ ಕಾಲ್‌ನಲ್ಲಿ ಬರುವುದಿಲ್ಲ.