ಮಗನ್ನ ಸ್ಕೂಲ್ ಬ್ಯಾಂಡ್‌ಗೆ ಸೇರಿಸಿ ಒಂದು ವರ್ಷ ಆಯ್ತು: ನಾಲ್ಕು ಸ್ಟಾರ್, ಒಂದು ಸ್ಟಾರ್ ಕೋಲಿಗೆ ಕಟ್

ಸ್ಕೂಲ್ ಹೆಸರು ಹಾಕಲ್ಲ ಅಂತ ಮೊದ್ಲೇ ಹೇಳಿಬಿಡ್ತೀನಿ. ದಾವಣಗೆರೆದೇ ಒಂದು ಪ್ರೈವೇಟ್ ಸ್ಕೂಲ್ ಅಂದ್ಕೊಳ್ರಿ, ಮಗ ಇನ್ನೂ ಅಲ್ಲೇ ಓದ್ತಿದಾನೆ, ನಂಗೆ ಒಂದೆರಡು ಕಡೆ ಬೈಯೋದೂ ಇದೆ. ಏಳನೇ ಕ್ಲಾಸಿಗೆ ಹೋದಾಗ ಸೇರಿಸಿದ್ವಿ, ವರ್ಷಕ್ಕೆ ಫೀಸು 2,500, ಯೂನಿಫಾರ್ಮ್‌ಗೆ ಬೇರೆ 1,900, ಕೋಲು ಮತ್ತೆ ರಬ್ಬರ್ ಪ್ಯಾಡಿಗೆ 650. ಇದರಲ್ಲಿ ಎಷ್ಟು ಬೆಣ್ಣೆ ದೋಸೆ ಬರ್ತಿತ್ತು ಗೊತ್ತಾ ಅಂತ ನಮ್ಮನೆಯವಳು ಕೇಳಿದ್ಲು, ನಾನು ಲೆಕ್ಕಕ್ಕೆ ಕೂರ್ಲಿಲ್ಲ.

ನಮ್ಮ ಹುಡುಗ ಸಿಕ್ಕಾಪಟ್ಟೆ ಗಡಿಬಿಡಿ. ಎದುರಿಗಿದ್ದೋರು ಮಾತು ಮುಗಿಸೋಕೆ ಮುಂಚೆ ಉತ್ತರ ಕೊಡ್ತಾನೆ, ಅದೂ ಬೇರೆ ಪ್ರಶ್ನೆಗೆ. ಬ್ಯಾಂಡ್ ಸೇರಿದ್ದು ಸಂಗೀತದ ಮೇಲಿನ ಪ್ರೀತಿಗೆ ಏನಲ್ಲ, ಪಕ್ಕದ ಬೆಂಚಿನೋನು ಸೇರಿದ ಅಂತ ಇವನೂ ಸೇರಿದ, ಜೊತೆಗೆ ಶನಿವಾರ ಕೊನೇ ಪೀರಿಯಡ್ ತಪ್ಪುತ್ತೆ ಅಂತ ಯಾರೋ ಹೇಳಿದ್ರಂತೆ.

ಮೊದಲ ಎರಡು ತಿಂಗಳು ಡ್ರಮ್ಮು ಮುಟ್ಟಿಸಲೇ ಇಲ್ಲ. ಎಲ್ಲರಿಗೂ ರಬ್ಬರ್ ಪ್ಯಾಡ್ ಮೇಲೆ ಕೋಲು, ರೈಟ್ ಲೆಫ್ಟ್ ರೈಟ್ ರೈಟ್, ಲೆಫ್ಟ್ ರೈಟ್ ಲೆಫ್ಟ್ ಲೆಫ್ಟ್, ಇದೇ. ದುಡ್ಡು ಕೊಟ್ಟು ಇದೇನಪ್ಪಾ ಅಂತ ನಂಗೂ ಅನಿಸ್ತು, ಆಮೇಲೆ ಗಮನಿಸಿದೆ, ಎಡಗೈಯಲ್ಲಿ ಲೋಟ ಎತ್ತೋಕೂ ಸೋಮಾರಿತನ ಮಾಡ್ತಿದ್ದೋನ ಎಡಗೈ ಬಲಗೈಯಷ್ಟೇ ಸರಾಗ ಓಡ್ತಿತ್ತು. ಕೋಲಿನ ವಿಷಯ ಇಲ್ಲೇ ಹೇಳಿಬಿಡ್ತೀನಿ, ಸ್ಕೂಲಿನವರು ತೋರಿಸಿದ ಅಂಗಡಿಯಲ್ಲೇ ತಗೋಬೇಕು ಅಂದ್ರು, ತಗೊಂಡ್ವಿ, ಮೂರನೇ ವಾರಕ್ಕೆ ಒಂದು ಕೋಲು ತುದಿಯಿಂದ ಸೀಳಿಹೋಯ್ತು, ಇನ್ನೊಂದು ಹುಟ್ಟಿದಾಗಿಂದ್ಲೇ ಸೊಟ್ಟ, ಟೇಬಲ್ ಮೇಲೆ ಉರುಳಿಸಿದ್ರೆ ಕುಂಟ್ತಾ ಹೋಗುತ್ತೆ. ನೀವು ತಗೊಳ್ಳೋದಾದ್ರೆ ಅಂಗಡಿಯಲ್ಲೇ ಹಿಂಗೆ ಉರುಳಿಸಿ ನೋಡಿ ತಗೊಳ್ರಿ.

ಎರಡು ತಿಂಗಳಾದ ಮೇಲೆ ವಾದ್ಯ ಹಂಚಿದ್ರು. ಒಟ್ಟು ನಲವತ್ತು ಮಕ್ಕಳು, ಎಲ್ಲರಿಗೂ ಬೇಕಾಗಿದ್ದು ಸೈಡ್ ಡ್ರಮ್, ಇದ್ದದ್ದು ಎಂಟು. ನಮ್ಮೋನಿಗೆ ಬಂದದ್ದು ಸಿಂಬಲ್. ಅವತ್ತು ಮನೆಗೆ ಬಂದು ಬ್ಯಾಗ್ ಎಸೆದು ಅತ್ತುಬಿಟ್ಟ, ಅದು ಭಜನೆಯೋರು ಹೊಡೆಯೋ ತಾಳ, ನಂಗೆ ಬೇಡ ಅಂತ. ನಮ್ಮವ್ವ ಅಂದ್ಲು, 'ತಾಳ ಇಲ್ದೆ ಯಾವ ಭಜನಿ ಐತಪ್ಪ?' ಅದೇ ಅವ್ವ ಮಾರನೇ ದಿನ ಇವನು ಎರಡು ಗಂಗಾಳ ಹಿಡ್ಕೊಂಡು ಪ್ರಾಕ್ಟೀಸ್ ಶುರು ಮಾಡಿದಾಗ 'ಗಂಗಾಳ ಬಡಿಬ್ಯಾಡೋ, ಮನಿಗೆ ದರಿದ್ರ' ಅಂತ ಕಿತ್ತಿಟ್ಲು.

ಸಿಂಬಲ್ ಅಂದ್ರೆ ಎರಡು ತಟ್ಟೆ ತಗೊಂಡು ಢಣ್ ಅನಿಸೋದು ಅಂದ್ಕೊಂಡಿದ್ದೆ ನಾನೂ. ಹಂಗಲ್ವಂತೆ. ಎರಡೂ ಸಮಕ್ಕೆ ಎದುರುಬದುರು ಬಡಿದ್ರೆ ನಡುವೆ ಗಾಳಿ ಸಿಕ್ಕಿಹಾಕ್ಕೊಂಡು ಗುಪ್ ಅಂತ ಸದ್ದು ಸತ್ತೋಗುತ್ತೆ, ಸ್ವಲ್ಪ ಓರೆ ಮಾಡಿ ಒಂದು ಅಂಚು ಮೊದಲು ತಾಗೋ ಹಂಗೆ ಜಾರಿಸಿ ಹೊಡೀಬೇಕು, ನಿಲ್ಲಿಸಬೇಕಾದಾಗ ತಕ್ಷಣ ಎದೆಗೆ ಒತ್ಕೋಬೇಕು. ಕಷ್ಟ ಇರೋದು ಹೊಡೆಯೋದ್ರಲ್ಲೂ ಅಲ್ಲ ನೋಡ್ರಿ. ಒಂದೊಂದು ಕಡೆ ಹದಿನಾರು ಎಣಿಕೆ ಸುಮ್ನೆ ನಿಂತು ಹದಿನೇಳಕ್ಕೆ ಒಂದೇ ಒಂದು ಪೆಟ್ಟು. ಕೊಳಲಿನ ಗುಂಪಲ್ಲಿ ಒಬ್ಬ ತಪ್ಪಿದ್ರೆ ಯಾರಿಗೂ ಗೊತ್ತಾಗಲ್ಲ, ಸಿಂಬಲ್ ಹದಿನೈದಕ್ಕೆ ಬಿತ್ತು ಅಂದ್ರೆ ಇಡೀ ಗ್ರೌಂಡ್ ತಿರುಗಿ ನೋಡುತ್ತೆ. ನಮ್ಮೋನು ಮೊದಲ ತಿಂಗಳು ದಿನಾ ತಿರುಗಿ ನೋಡಿಸ್ಕೊಂಡ.

ಬ್ಯಾಂಡ್ ಮಾಸ್ತರು ಬೈಯಲ್ಲ, ಸ್ಟಾಪ್‌ವಾಚ್ ಹಿಡೀತಾರೆ ಅಷ್ಟೆ. ಮಾರ್ಚಿಂಗ್ ಅಂದ್ರೆ ನಿಮಿಷಕ್ಕೆ 120 ಹೆಜ್ಜೆ, ಸೆಕೆಂಡಿಗೆ ಎರಡು. ರಾಷ್ಟ್ರಗೀತೆ 52 ಸೆಕೆಂಡ್, ಇವರು ಮೊದಲ ಸಲ 45ಕ್ಕೇ ಮುಗಿಸಿಬಿಟ್ರಂತೆ, ಬಸ್ ತಪ್ಪುತ್ತೆ ಅನ್ನೋ ಹಂಗೆ. ಮಾಸ್ತರು ವಾಚ್ ತೋರಿಸಿ ಉಳಿದ ಏಳು ಸೆಕೆಂಡ್ ಯಾರ ಜೇಬಲ್ಲಿದೆ ಅಂತ ಕೇಳಿದ್ರಂತೆ.

ಪ್ರಾಕ್ಟೀಸ್ ನೋಡೋಕೆ ಒಂದು ದಿನ ಹೋಗಿದ್ದೆ. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎಡಗಾಲು, ಅದನ್ನ ಬಿಟ್ರೆ ಸಾಲೇ ಕೆಡುತ್ತೆ. ತಿರುವು ಬಂದಾಗ ಒಳಗಿನ ಹುಡುಗ ಸಣ್ಣ ಸಣ್ಣ ಹೆಜ್ಜೆ, ಹೊರಗಿನೋನು ದೊಡ್ಡ ಹೆಜ್ಜೆ, ನಡುವಿನೋರು ಇಬ್ಬರನ್ನೂ ಓರೆಗಣ್ಣಲ್ಲಿ ನೋಡ್ತಾ ಬಾರಿಸೋದೂ ನಿಲ್ಲಿಸಂಗಿಲ್ಲ. ಐದನೇ ಕ್ಲಾಸಿನ ಪುಟ್ಟೋನ ಪಕ್ಕ ಒಂಬತ್ತನೇ ಕ್ಲಾಸಿನ ಉದ್ದನೆ ಹುಡುಗ. ಮುಂದೆ ಕೋಲು ತಿರುಗಿಸ್ತಾ ನಡೆಸೋಳು ಒಂಬತ್ತನೇ ಕ್ಲಾಸಿನ ಹುಡುಗಿ, ಅವಳು 'ಕದಂ ತಾಲ್' ಅಂದ್ರೆ ನಿಂತಲ್ಲೇ ಹೆಜ್ಜೆ ಹಾಕಬೇಕು, ನಮ್ಮನೇಲಿ ಯಾರ ಮಾತೂ ಕೇಳದೋನು ಅವಳ ಮಾತು ಒಂದೇ ಸಲಕ್ಕೆ ಕೇಳ್ತಾನೆ. ಬೇರೆ ಕ್ಲಾಸಿನ ಮಕ್ಕಳ ಜೊತೆ ಗೆಳೆತನ ಆಗಿದ್ದು ನಂಗೆ ತುಂಬಾ ಇಷ್ಟ ಆಯ್ತು, ಹಳೇ ನೋಟ್ಸ್ ಎಲ್ಲಾ ಈಗ ಪುಕ್ಕಟೆ ಬರುತ್ತೆ.

ಬೈಗುಳ ಇನ್ನೂ ಎರಡು ಬಾಕಿ. ಮಳೆ ಬಂದ್ರೆ ತಗಡಿನ ಶೆಡ್ಡಲ್ಲಿ ಪ್ರಾಕ್ಟೀಸ್ ಮಾಡಿಸ್ತಾರೆ, ಎಂಟು ಸೈಡ್ ಡ್ರಮ್ಮು ಎರಡು ಬೇಸ್ ಡ್ರಮ್ಮು ಒಟ್ಟಿಗೆ ಬಿದ್ರೆ ಹೊರಗೆ ನಿಂತ ನನ್ನ ಕಿವಿಯೇ ಗುಂಯ್ ಅಂತು, ಮಕ್ಕಳ ಕಿವಿಗೆ ಹತ್ತಿ ಆದ್ರೂ ಇಡಿಸಿ ಅಂತ ಬರೆದುಕೊಟ್ಟು ಬಂದೆ. ಇನ್ನೊಂದು ಬ್ಯೂಗಲ್. ಅದರಲ್ಲಿ ಬೆರಳಿಂದ ಒತ್ತೋ ಕೀಲಿ ಇರಲ್ಲ, ಸ್ವರ ಎಲ್ಲಾ ತುಟಿ ಬಿಗಿ ಮಾಡಿ ಸಡಿಲ ಮಾಡಿಯೇ ಬರಬೇಕು, ಕಲಿಯೋದು ಕಷ್ಟ, ಅದಿರಲಿ, ಒಂದೇ ಬ್ಯೂಗಲ್ಲನ್ನ ಮೂರು ಮಕ್ಕಳು ಊದ್ತಾರೆ, ಬಾಯಿಗಿಡೋ ಭಾಗನ ಅಂಗಿಗೆ ಒರೆಸಿ ಮುಂದಿನೋನಿಗೆ ಕೊಡೋದು! ನಿಮ್ಮ ಮಗುಗೆ ಬ್ಯೂಗಲ್ ಬಂದ್ರೆ ಆ ಮೌತ್‌ಪೀಸ್ ಒಂದು ಸ್ವಂತಕ್ಕೆ ಕೊಡಿಸ್ರಿ, ಬಿಚ್ಚೋಕೆ ಬರುತ್ತೆ, ತೊಳೆಯೋಕೂ ಸುಲಭ.

ಮಾರ್ಕ್ಸ್ ಜಾಸ್ತಿ ಆಗುತ್ತೆ ಅಂತ ಅಡ್ಮಿಷನ್ ಟೈಮಲ್ಲಿ ಹೇಳಿದ್ರು. ಗಣಿತದಲ್ಲಿ 61 ಇದ್ದದ್ದು 63 ಆಗಿದೆ, ಆ ಎರಡು ಮಾರ್ಕ್ಸ್ ಸಿಂಬಲ್ ಕೊಡ್ತಾ ಟ್ಯೂಷನ್ ಕೊಡ್ತಾ ನಂಗೆ ಗೊತ್ತಿಲ್ಲ.

ಆಗಸ್ಟ್ 15ಕ್ಕೆ ಸ್ಕೂಲ್ ಗ್ರೌಂಡಲ್ಲಿ ಇವರ ಮೊದಲ ಪರೇಡ್. ನಮ್ಮ ದಾವಣಗೆರೆ ಜಿಲ್ಲೆ ಆಗಿದ್ದೂ ಆಗಸ್ಟ್ 15ಕ್ಕೇ, 1997ರಲ್ಲಿ, ಅದಕ್ಕೆ ಮುಂಚೆ ಚಿತ್ರದುರ್ಗ ಜಿಲ್ಲೆಯೊಳಗಿದ್ವಲ್ಲ, ಹಂಗಾಗಿ ಭಾಷಣ ಮಾಡೋರು ಎರಡೂ ವಿಷಯ ಹಿಡ್ಕೊಂಡು ಉದ್ದ ಎಳೆದ್ರು, ಮಕ್ಕಳು ಬಿಸಿಲಲ್ಲಿ ನಿಂತೇ ಇದ್ರು. ನಾನು ಫೋನ್ ಹಿಡ್ಕೊಂಡು ಅವನ ತುಟಿನೇ ನೋಡ್ತಿದ್ದೆ, ಸದ್ದಿಲ್ದೆ ಎಣಿಸ್ತಿದ್ದ, ಹದಿನಾಲ್ಕು, ಹದಿನೈದು, ನಂಗೇ ಉಸಿರು ನಿಂತಂಗಾಯ್ತು, ಹದಿನೇಳಕ್ಕೆ ಸರಿಯಾಗಿ ಹೊಡೆದ. ವಿಡಿಯೋ ತಗೊಂಡಿದೀನಿ ಅಂದ್ಕೊಂಡಿದ್ದೆ, ಬಟನ್ ಒತ್ತೇ ಇರ್ಲಿಲ್ಲ. ಅಲ್ಲಿಂದ ಸೀದಾ ಬೆಣ್ಣೆ ದೋಸೆಗೆ, ಯೂನಿಫಾರ್ಮ್ ಮೇಲೇ ಬೆಣ್ಣೆ ಬೀಳಿಸ್ಕೊಂಡ, 1,900 ರೂಪಾಯಿದು.

ಈ ಸಲಾನೂ ಫೀಸು ಕಟ್ಟಿದೀವಿ. ಸೈಡ್ ಡ್ರಮ್ ಒಂದು ಖಾಲಿ ಆಗಿದೆ, ನಿಂಗೆ ಬೇಕಾ ಅಂತ ಮಾಸ್ತರು ಕೇಳಿದ್ರಂತೆ. ಯೋಚ್ನೆ ಮಾಡಿ ನಾಳೆ ಹೇಳ್ತೀನಿ ಸರ್ ಅಂತ ಹೇಳಿ ಬಂದಿದಾನೆ ನಮ್ಮ ಗಡಿಬಿಡಿ.