ಲ್ಯಾಕ್ಮೆ ಐಕಾನಿಕ್ ಕಾಜಲ್: ಅಂಗಡಿ ಹುಡುಗ ತೋರಿಸಿದ್ದು ಸರಿ
ಮಲ್ಲೇಶ್ವರದ ಫ್ಯಾನ್ಸಿ ಸ್ಟೋರಲ್ಲಿ ಕಾಜಲ್ ಕೇಳಿದರೆ, ಕೌಂಟರಿನ ಹುಡುಗ ತನ್ನ ಮುಂಗೈ ಮೇಲೇ ಎರಡು ಗೆರೆ ಎಳೆದ. ಒಂದು ಬೇರೆ ಯಾವುದೋ ಕಂಪನಿಯದು, ಇನ್ನೊಂದು ಲ್ಯಾಕ್ಮೆ. ಒದ್ದೆ ಬೆರಳಲ್ಲಿ ಉಜ್ಜಿದ. ಮೊದಲನೆಯದು ಕಲಸಿಹೋಯಿತು, ಲ್ಯಾಕ್ಮೆಯದು ಜಗ್ಗಲಿಲ್ಲ. ತನ್ನ ಕಣ್ಣಿಗೆ ಯಾವತ್ತೂ ಹಚ್ಚಿರಲಿಕ್ಕಿಲ್ಲ ಪಾಪ, ಆದರೂ ನನಗಿಂತ ಜಾಸ್ತಿ ಗೊತ್ತು!

ಈ ಬ್ರ್ಯಾಂಡ್ ಹುಟ್ಟಿದ್ದೂ ಗಂಡಸರ ಲೆಕ್ಕಾಚಾರದಲ್ಲೇ ಅಲ್ವಾ. 1952ರಲ್ಲಿ ಜೆ.ಆರ್.ಡಿ. ಟಾಟಾ ಕಾಲದಲ್ಲಿ ಟಾಟಾ ಆಯಿಲ್ ಮಿಲ್ಸ್ ಇದನ್ನು ಶುರು ಮಾಡಿತು. ವಿದೇಶಿ ಮೇಕಪ್‌ಗೆ ದೇಶದ ದುಡ್ಡು ಹೋಗೋದು ಬೇಡ ಅನ್ನೋದು ಯೋಚನೆ. ಟಾಟಾ ಮನೆತನದ ಸೊಸೆ ಸಿಮೋನ್ ಟಾಟಾ ಲ್ಯಾಕ್ಮೆಯ ಆಡಳಿತ ಮಂಡಳಿಗೆ ಬಂದಿದ್ದು 1961ರಲ್ಲಿ, ಅಧ್ಯಕ್ಷೆಯಾಗಿದ್ದು 1982ರಲ್ಲಿ. ಹಚ್ಚಿಕೊಳ್ಳುವವರ ಕಣ್ಣಿಂದ ನೋಡೋರು ಸಿಕ್ಕಿದ್ದು ಆಗಲೇ ಅನ್ನೋದು ನನ್ನ ಅಂದಾಜು.

ಇನ್ನು ಕಾಜಲ್. ಮೊನೆ ಕೆತ್ತೋ ತಲೆನೋವಿಲ್ಲ, ಬುಡ ತಿರುಗಿಸಿದರೆ ಸಾಕು. ಸ್ವಲ್ಪವೇ ತಿರುಗಿಸಿ, ಕಡ್ಡಿ ಮೆತ್ತಗಿದೆ. ಒಂದೇ ಎಳೆತಕ್ಕೆ ಕಡುಕಪ್ಪು. ಆಫೀಸು, ಬಿಎಂಟಿಸಿ ಬಸ್ಸು, ಬೆವರು ಎಲ್ಲ ಮುಗಿಸಿ ಬಂದರೂ ಕಣ್ಣಿನ ಕೆಳಗೆ ಇಳಿದಿರಲಿಲ್ಲ. ರಾತ್ರಿ ತೆಗೆಯೋಕೆ ಸುಮ್ನೆ ನೀರು ಹಾಕಿದರೆ ಹೋಗಲ್ಲ, ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಒರೆಸಿ.