ಚಾರ್ಟ್‌ಗೆ ಎಷ್ಟು ದುಡ್ಡು ಹಾಕಬೇಕು? ಬಳಸಿ ನೋಡಿದವನ ಹೋಲಿಕೆ

ಮೈಸೂರು, ಮಂಡ್ಯದ ಕಡೆಯ ಗೆಳೆಯರು ಷೇರು ಬೆಲೆಯ ಏರಿಳಿತ ತೋರಿಸುವ ಚಾರ್ಟ್ ಸಾಫ್ಟ್‌ವೇರ್ ವಿಚಾರ ಎತ್ತಿದರೆ ಮೊದಲು ಕೇಳುವುದು ಯಾವುದು ಅಗ್ಗ ಅಂತ. ಎರಡನೆಯದು, ಯಾವುದರಲ್ಲಿ ಇಂಡಿಕೇಟರ್ (ಬೆಲೆಯಿಂದ ಲೆಕ್ಕ ಹಾಕಿ ಎಳೆಯುವ ಗೆರೆಗಳು) ಜಾಸ್ತಿ ಅಂತ. ಆ ಚಾರ್ಟ್‌ಗೆ ಡೇಟಾ ಎಲ್ಲಿಂದ ಬರುತ್ತದೆ, ಬೋನಸ್ಸು (ಕಂಪನಿ ಪುಕ್ಕಟೆ ಕೊಡುವ ಹೆಚ್ಚುವರಿ ಷೇರು), ಸ್ಪ್ಲಿಟ್ಟು (ಒಂದು ಷೇರು ಹಲವಾಗುವುದು), ರೋಲೋವರ್ (ಮುಗಿಯುವ ಕಾಂಟ್ರಾಕ್ಟ್‌ನಿಂದ ಮುಂದಿನದಕ್ಕೆ ಹೋಗುವುದು) ಬಂದಾಗ ಅದನ್ನು ಸರಿಹೊಂದಿಸುತ್ತಾರೋ ಇಲ್ಲವೋ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಕ್ಯಾಂಡಲ್, ಅಂದರೆ ಒಂದು ಅವಧಿಯ ಬೆಲೆ ತೋರಿಸುವ ಕಡ್ಡಿ, ಬಿಡಿಸುವ ಕೆಲಸವನ್ನು ಈಗ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಆ ಕ್ಯಾಂಡಲ್ ನಿಜ ಹೇಳುತ್ತಿದೆಯೇ ಎನ್ನುವುದರಲ್ಲೇ ವ್ಯತ್ಯಾಸ ಇರುವುದು.

ನಾನು ಕುವೆಂಪುನಗರದ ಮನೆಯಿಂದ ಷೇರು ಮತ್ತು ನಿಫ್ಟಿ ಫ್ಯೂಚರ್ಸ್‌ನಲ್ಲಿ (ನಿಫ್ಟಿ ಸೂಚ್ಯಂಕವನ್ನು ಮುಂದಿನ ದಿನಾಂಕಕ್ಕೆ ಕೊಳ್ಳುವ, ಮಾರುವ ಕಾಂಟ್ರಾಕ್ಟ್) ವ್ಯವಹಾರ ಮಾಡುತ್ತೇನೆ. ಹೆಚ್ಚಿನವು ಕೆಲವು ದಿನ, ಕೆಲವು ವಾರ ಇಟ್ಟುಕೊಳ್ಳುವ ಪೊಸಿಷನ್‌ಗಳು. ನನ್ನ ಹೆಂಡತಿಯ ತಮ್ಮ ಮಂಡ್ಯದಲ್ಲಿ ಬೆಲ್ಲದ ವ್ಯಾಪಾರಿ. ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ರಾತ್ರಿ ಹನ್ನೊಂದೂವರೆಯವರೆಗಾದರೂ ತೆರೆದಿರುವುದರಿಂದ ಮಂಡಿ ಬಾಗಿಲು ಹಾಕಿದ ಮೇಲೆ ಅಲ್ಲಿನ ಚಿನ್ನದ ಸಣ್ಣ ಕಾಂಟ್ರಾಕ್ಟ್ ಗೋಲ್ಡ್ ಮಿನಿ ನೋಡುತ್ತಾನೆ. ಅವನ ಬೇಡಿಕೆ ಒಂದೇ ಮಾತಿನದು: "ಭಾವ, ಬೆಳಗ್ಗಿಂದ ಸಂಜೆಗಂಟ ಮಂಡೀಲಿರ್ತೀನಿ, ಫೋನ್‌ನಲ್ಲಿ ನೆಟ್ಟಗೆ ಕಾಣಂಗಿದ್ರೆ ಸಾಕು." ಈ ಎರಡು ಬಗೆಯ ಅಗತ್ಯವನ್ನೂ ಎದುರಿಗಿಟ್ಟುಕೊಂಡೇ ನಾನು ಹೋಲಿಸಿದ್ದು. ಬ್ರೋಕರ್ ಕೊಡುವ ಪುಕ್ಕಟೆ ಚಾರ್ಟ್, ಟ್ರೇಡಿಂಗ್‌ವ್ಯೂ, ಚಾರ್ಟಿಂಕ್, ಆಮಿಬ್ರೋಕರ್, ಇವಿಷ್ಟನ್ನು ಬಳಸಿ ನೋಡಿದೆ.

ಬ್ರೋಕರ್ ಚಾರ್ಟ್‌ನಿಂದ ಶುರು ಮಾಡೋಣ, ಯಾಕೆಂದರೆ ಅಕೌಂಟ್ ಇರುವ ಎಲ್ಲರ ಕೈಯಲ್ಲೂ ಅದು ಈಗಾಗಲೇ ಇದೆ. ಜೆರೋಧಾ ಬ್ರೋಕರ್‌ನ ಕೈಟ್ ಆ್ಯಪ್‌ನಲ್ಲಿ ಚಾರ್ಟ್‌ಐಕ್ಯೂ, ಟ್ರೇಡಿಂಗ್‌ವ್ಯೂ ಎರಡೂ ಬಗೆಯ ಚಾರ್ಟ್ ಇವೆ, ಸೆಟ್ಟಿಂಗ್‌ನಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಫೈಯರ್ಸ್, ಧನ್ ಕೂಡ ಟ್ರೇಡಿಂಗ್‌ವ್ಯೂ ಚಾರ್ಟನ್ನೇ ಒಳಗೆ ಕೂರಿಸಿಕೊಂಡಿವೆ. ಇದರ ದೊಡ್ಡ ಅನುಕೂಲ ಏನೆಂದರೆ, ಟ್ರೇಡಿಂಗ್‌ವ್ಯೂನ ಸ್ವಂತ ಸೈಟ್‌ನಲ್ಲಿ ಪುಕ್ಕಟೆ ಸದಸ್ಯರನ್ನು ಕಟ್ಟಿಹಾಕುವ ಇಂಡಿಕೇಟರ್ ಮಿತಿ ಇಲ್ಲಿ ಅಡ್ಡ ಬರುವುದಿಲ್ಲ. ಮೂವಿಂಗ್ ಆವರೇಜ್ (ಹಿಂದಿನ ಇಷ್ಟು ದಿನದ ಸರಾಸರಿ ಬೆಲೆ) ಎರಡು, ಆರ್‌ಎಸ್‌ಐ, ವಿವಾಪ್‌ನಂಥ ಬೇರೆ ಇಂಡಿಕೇಟರ್ ಒಂದೊಂದು ಒಟ್ಟಿಗೆ ಹಾಕಿಕೊಂಡು ಕೂರಬಹುದು. ಬೆಲೆ ಲೈವ್, ಜಾಹೀರಾತು ಇಲ್ಲ, ಅದೇ ಪರದೆಯಿಂದ ಆರ್ಡರ್ ಹಾಕಬಹುದು. ಟ್ರೇಡಿಂಗ್‌ವ್ಯೂನಲ್ಲಿ ಇಂಡಿಕೇಟರ್ ಬರೆಯುವ ಭಾಷೆಯಾದ ಪೈನ್ ಸ್ಕ್ರಿಪ್ಟ್ ಮಾತ್ರ ಇಲ್ಲ. ಅಂದರೆ ನಾವೇ ಬರೆದ ಇಂಡಿಕೇಟರನ್ನಾಗಲಿ, ಬೇರೆಯವರು ಬರೆದು ಹಂಚಿದ್ದನ್ನಾಗಲಿ ಇಲ್ಲಿಗೆ ತರಲಾಗದು.

ಇನ್ನೊಂದು ಕೊರತೆ ಒತ್ತಡದ ದಿನ ಎದ್ದು ಕಾಣುತ್ತದೆ. 2024ರ ಜೂನ್ 4, ಲೋಕಸಭಾ ಚುನಾವಣೆಯ ಫಲಿತಾಂಶದ ದಿನ, ನಿಫ್ಟಿ ಶೇ 6ರ ಹತ್ತಿರ ಬಿತ್ತು. ಅವತ್ತು ನಾನು ನೋಡುತ್ತಿದ್ದ ಬ್ರೋಕರ್ ಆ್ಯಪ್‌ನಲ್ಲಿ ಕ್ಯಾಂಡಲ್ ಅಲುಗಾಡದೆ ನಿಂತುಬಿಟ್ಟಿತು, ಬ್ರೌಸರಿನ ಇನ್ನೊಂದು ಕಿಟಕಿಯಲ್ಲಿದ್ದ ಚಾರ್ಟ್ ಓಡುತ್ತಲೇ ಇತ್ತು. ಚಾರ್ಟೂ ಆರ್ಡರೂ ಒಂದೇ ಕಡೆ ಇದ್ದರೆ ಎರಡೂ ಒಟ್ಟಿಗೇ ಕೈಕೊಡುತ್ತವೆ. ಆದ್ದರಿಂದ ಫ್ಯೂಚರ್ಸ್ ಪೊಸಿಷನ್ ಇಟ್ಟುಕೊಂಡವರು ಬೇರೆ ಮೂಲದ ಎರಡನೇ ಚಾರ್ಟ್ ಒಂದನ್ನು ತೆರೆದಿಟ್ಟುಕೊಳ್ಳಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ಎರಡನೇ ಚಾರ್ಟ್ ನನಗೆ ಟ್ರೇಡಿಂಗ್‌ವ್ಯೂ. 2011ರಲ್ಲಿ ಶುರುವಾದ ಇದನ್ನು ಈಗ ಹೆಚ್ಚು ಪರಿಚಯಿಸಬೇಕಾಗಿಲ್ಲ. ಪುಕ್ಕಟೆ ಖಾತೆಯಲ್ಲಿ ಜಾಹೀರಾತು ಬರುತ್ತದೆ, ಇಂಡಿಕೇಟರ್ ಒಂದೆರಡಕ್ಕೇ ನಿಲ್ಲುತ್ತದೆ, ಕ್ಯಾಂಡಲ್‌ನ ಅವಧಿಯನ್ನು ನಮಗೆ ಬೇಕಾದ ಹಾಗೆ ಬದಲಿಸಲು ಬಾರದು. ಕೊನೆಯದು ಸಣ್ಣ ವಿಷಯದಂತೆ ಕಂಡರೂ ನಮ್ಮ ಮಾರುಕಟ್ಟೆಗೆ ಸಣ್ಣದಲ್ಲ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ನಡೆಯುವುದು 9:15ರಿಂದ 3:30ರವರೆಗೆ, ಒಟ್ಟು 375 ನಿಮಿಷ. ಒಂದು ಗಂಟೆಯ ಕ್ಯಾಂಡಲ್ ಹಾಕಿದರೆ ಆರು ಪೂರ್ತಿ ಕ್ಯಾಂಡಲ್ ಆಗಿ, ಕೊನೆಯದು ಹದಿನೈದು ನಿಮಿಷದ ಮೊಂಡು ಕ್ಯಾಂಡಲ್ ಆಗುತ್ತದೆ. ಸರಾಸರಿ ಲೆಕ್ಕದಲ್ಲಿ ಮಾತ್ರ ಆ ಮೊಂಡಿಗೂ ಪೂರ್ತಿ ಗಂಟೆಗೂ ಒಂದೇ ತೂಕ. 75 ನಿಮಿಷದ ಕ್ಯಾಂಡಲ್ ಇಟ್ಟರೆ ದಿನ ಐದು ಸಮ ಭಾಗವಾಗುತ್ತದೆ. ನಮ್ಮಲ್ಲಿ ಬಹಳ ಜನ 75 ನಿಮಿಷವನ್ನು ಹಿಡಿದುಕೊಂಡಿರುವುದು ಇದಕ್ಕೇ. ನಾನು ದುಡ್ಡು ಕೊಟ್ಟು ಕೆಳಹಂತದ ಯೋಜನೆ ತೆಗೆದುಕೊಳ್ಳಲು ಮುಖ್ಯ ಕಾರಣ ಇದು. ಮೇಲಿನ ಹಂತಗಳಲ್ಲಿ ಸಿಗುವ ಹೆಚ್ಚುವರಿ ಪರದೆ, ಹೆಚ್ಚುವರಿ ಅಲರ್ಟ್ ನಮ್ಮಂಥವರಿಗೆ ಬೇಕಾಗಿಲ್ಲ. ನವೆಂಬರ್ ಕೊನೆಯಲ್ಲಿ ಅವರು ದೊಡ್ಡ ರಿಯಾಯಿತಿ ಬಿಡುತ್ತಾರೆ, ತೆಗೆದುಕೊಳ್ಳುವುದಿದ್ದರೆ ಅಲ್ಲಿಯವರೆಗೆ ಕಾಯಿರಿ.

ಪೈನ್ ಸ್ಕ್ರಿಪ್ಟ್ ಬಗ್ಗೆ ಮನಸ್ಸು ತುಂಬಿ ಒಳ್ಳೆಯ ಮಾತು ಹೇಳಬಲ್ಲೆ. ಕಂಪ್ಯೂಟರ್ ಓದದ ಶಾಲಾ ಮೇಷ್ಟ್ರೊಬ್ಬರು ಸರಸ್ವತಿಪುರಂನಲ್ಲಿದ್ದಾರೆ. ತಮ್ಮ ಸ್ಟಾಪ್‌ಲಾಸ್ (ನಷ್ಟ ಇಲ್ಲಿಗೆ ಸಾಕೆಂದು ಹೊರಬರುವ ಬೆಲೆ) ರೇಖೆಯನ್ನು ಅವರೇ ಬರೆದುಕೊಂಡಿದ್ದಾರೆ. ಹತ್ತು ಹದಿನೈದು ಸಾಲಿನಲ್ಲಿ ಕೆಲಸ ಆಗುತ್ತದೆ, ತಪ್ಪಾದರೆ ಯಾವ ಸಾಲು ಎಂದು ತೋರಿಸುತ್ತದೆ.

ಫ್ಯೂಚರ್ಸ್‌ನವರಿಗೆ ಇನ್ನೂ ಮುಖ್ಯವಾದದ್ದು ಮುಂದುವರಿಕೆಯ ಚಾರ್ಟ್, ಅಂದರೆ ಒಂದೊಂದು ತಿಂಗಳ ಕಾಂಟ್ರಾಕ್ಟನ್ನು ಜೋಡಿಸಿ ಮಾಡಿದ ಉದ್ದನೆಯ ಚಾರ್ಟ್. ನಿಫ್ಟಿ ಫ್ಯೂಚರ್ಸ್ ಪ್ರತಿ ತಿಂಗಳೂ ಮುಗಿಯುತ್ತದೆ, ಮುಂದಿನ ತಿಂಗಳದ್ದು ಸಾಮಾನ್ಯವಾಗಿ ಸ್ವಲ್ಪ ಮೇಲಿನ ಬೆಲೆಯಲ್ಲಿ ಇರುತ್ತದೆ, ಬಡ್ಡಿಯ ಲೆಕ್ಕ ಅದರಲ್ಲಿ ಸೇರಿರುವುದರಿಂದ. ತಿಂಗಳು ತಿಂಗಳದ್ದನ್ನು ಹಾಗೇ ಅಂಟಿಸಿದರೆ ಪ್ರತಿ ಎಕ್ಸ್‌ಪೈರಿಯಲ್ಲೂ (ಕಾಂಟ್ರಾಕ್ಟ್ ಮುಗಿಯುವ ದಿನ) ಮಾರುಕಟ್ಟೆಯಲ್ಲಿ ನಡೆಯದೇ ಇದ್ದ ಒಂದು ಗ್ಯಾಪ್, ಅಂದರೆ ಬೆಲೆಯ ಜಿಗಿತ, ಹುಟ್ಟುತ್ತದೆ. ಒಂದು ತಿಂಗಳಲ್ಲಿ ಅದು ನೂರು ಪಾಯಿಂಟ್ ಇರಬಹುದು, ಆದರೆ 200 ದಿನದ ಆವರೇಜ್‌ನಲ್ಲಿ ಒಂಬತ್ತು ಹತ್ತು ರೋಲೋವರ್‌ಗಳ ಗ್ಯಾಪ್ ಕೂಡಿರುತ್ತದೆ. ಟ್ರೇಡಿಂಗ್‌ವ್ಯೂನಲ್ಲಿ ಮುಂದುವರಿಕೆಯ ಚಾರ್ಟೂ ಇದೆ, ಹಿಂದಿನ ಬೆಲೆಗಳನ್ನು ಸರಿಹೊಂದಿಸಿ ನೋಡುವ ಗುಂಡಿಯೂ ಇದೆ. ಸರಿಹೊಂದಿಸಿದ ಚಾರ್ಟ್ ನೋಡುವಾಗ ಒಂದು ಎಚ್ಚರ ಬೇಕು: ಅದರಲ್ಲಿ ಕಾಣುವ ಹಳೆಯ ಬೆಲೆಗಳು ಆ ದಿನ ನಿಜವಾಗಿ ವ್ಯವಹಾರವಾದ ಬೆಲೆಗಳಲ್ಲ. ಟ್ರೆಂಡ್ ಅಳೆಯಲು ಅದು, ಸಪೋರ್ಟ್ ರೆಸಿಸ್ಟೆನ್ಸ್ (ಬೆಲೆಯ ಇಳಿತ, ಏರಿಕೆ ತಡೆದು ನಿಲ್ಲುವ ಮಟ್ಟಗಳು) ಗುರುತಿಸಲು ಸರಿಹೊಂದಿಸದ್ದು. ನಾನು ಎರಡನ್ನೂ ಅಕ್ಕಪಕ್ಕ ಇಟ್ಟೇ ನೋಡುವುದು.

ಬ್ರೋಕರ್ ಚಾರ್ಟ್‌ಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ. ನಡೆಯುತ್ತಿರುವ ಕಾಂಟ್ರಾಕ್ಟ್ ಚೆನ್ನಾಗಿ ತೋರಿಸುತ್ತವೆ, ಮುಗಿದ ಕಾಂಟ್ರಾಕ್ಟ್‌ನ ಐದು ನಿಮಿಷದ ಚಾರ್ಟ್ ಹುಡುಕಿದರೆ ಸಿಗುವುದು ಕಷ್ಟ. ಭಾವಮೈದುನನಿಗೂ ಇದೇ ತೊಂದರೆ. ಗೋಲ್ಡ್ ಮಿನಿ ತಿಂಗಳ 5ನೇ ತಾರೀಖಿಗೆ ಮುಗಿಯುತ್ತದೆ, ಹೊಸ ಕಾಂಟ್ರಾಕ್ಟ್‌ಗೆ ಹೋದ ಕೂಡಲೇ ಹಿಂದಿನ ತಿಂಗಳಲ್ಲಿ ಎಳೆದ ಗೆರೆಗಳು ಹಳೆಯದರಲ್ಲೇ ಉಳಿಯುತ್ತವೆ. ಆದರೂ ಅವನಿಗೆ ನಾನು ಹೇಳಿದ್ದು ಬ್ರೋಕರ್ ಚಾರ್ಟೇ ಸಾಕು ಅಂತ. ಅವನು ನೋಡುವುದು ಒಂದೇ ವಸ್ತು, ಹಾಕುವುದು ನೂರು ಗ್ರಾಂನ ಒಂದು ಲಾಟ್. ತಿಂಗಳಿಗೊಮ್ಮೆ ಮೂರು ಗೆರೆ ಹೊಸದಾಗಿ ಎಳೆದುಕೊಳ್ಳುವುದು ಅಂಥ ಕಷ್ಟವಲ್ಲ.

ಚಾರ್ಟಿಂಕ್ ಅನ್ನು ಚಾರ್ಟ್‌ಗೆ ಅಂತ ಬಳಸಬೇಡಿ, ಶೋಧನೆಗೆ ಬಳಸಿ. 50 ದಿನದ ಆವರೇಜ್ ಅನ್ನು ಇವತ್ತು ದಾಟಿದ, ವಾಲ್ಯೂಮ್ (ಕೈಬದಲಾದ ಷೇರುಗಳ ಸಂಖ್ಯೆ) ಎರಡರಷ್ಟಾದ ಷೇರುಗಳು ಯಾವುವು ಎಂದು ಕೇಳಿದರೆ ಕೆಲವೇ ಕ್ಷಣದಲ್ಲಿ ಪಟ್ಟಿ ಕೊಡುತ್ತದೆ. ಫ್ಯೂಚರ್ಸ್ ಇರುವ ಷೇರುಗಳಲ್ಲಿ ಮಾತ್ರ ಹುಡುಕು ಎಂದೂ ಹೇಳಬಹುದು. ಪುಕ್ಕಟೆ ಖಾತೆಗೆ ಡೇಟಾ ತಡವಾಗಿ ಬರುತ್ತದೆ, ಲೈವ್ ಬೇಕಾದರೆ ದುಡ್ಡು. ಸಂಜೆ ಕೂತು ನಾಳೆಗೆ ಪಟ್ಟಿ ಮಾಡುವವರಿಗೆ ತಡವಾದ ಡೇಟಾದಿಂದ ಏನೂ ನಷ್ಟ ಇಲ್ಲ. ಇಂಟ್ರಾಡೇ, ಅಂದರೆ ಅವತ್ತೇ ಕೊಂಡು ಅವತ್ತೇ ಮಾರುವ ವ್ಯವಹಾರ, ಮಾಡುವವರಿಗೆ ಪುಕ್ಕಟೆಯದು ಬೇಡವೇ ಬೇಡ.

ಇನ್ನು ಆಮಿಬ್ರೋಕರ್. ಇದರ ಮೇಲೆ ನನಗೆ ವಿಶೇಷ ಪ್ರೀತಿ, ಹೆಚ್ಚು ಜಾಗ ತೆಗೆದುಕೊಂಡರೆ ಅದಕ್ಕೇ. ಪೋಲೆಂಡಿನ ತೋಮಾಷ್ ಯಾನೆಚ್ಕೋ 1995ರಲ್ಲಿ ಅಮಿಗಾ ಕಂಪ್ಯೂಟರಿಗೆಂದು ಬರೆದದ್ದು, ಹೆಸರಲ್ಲಿ ಅಮಿ ಬಂದಿದ್ದು ಅಲ್ಲಿಂದ. ಈಗ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ತಿಂಗಳ ಬಾಡಿಗೆ ಇಲ್ಲ. ಒಮ್ಮೆ ಕೊಂಡರೆ ಅದು ನಮ್ಮದು, ಎರಡು ವರ್ಷ ಹೊಸ ಆವೃತ್ತಿಗಳೂ ಬರುತ್ತವೆ, ಆಮೇಲೆ ಹಳೆಯದನ್ನೇ ಬಳಸುತ್ತಾ ಹೋಗಬಹುದು. ಬೆಲೆ ಡಾಲರ್ ಲೆಕ್ಕದಲ್ಲಿ, ಒಂದೇ ಸಲಕ್ಕೆ ದೊಡ್ಡದೆನಿಸುತ್ತದೆ. ಆದರೆ ನಾಲ್ಕೈದು ವರ್ಷದ ಬಾಡಿಗೆಯ ಜೊತೆ ಹೋಲಿಸಿದಾಗ ಲೆಕ್ಕ ತಿರುಗುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರಾಗಿ ಓಡುತ್ತದೆ. ಮಳೆಗಾಲದ ಸಂಜೆ ಬ್ರಾಡ್‌ಬ್ಯಾಂಡ್ ಹೋದರೂ ಇದರ ಕೆಲಸ ನಿಲ್ಲುವುದಿಲ್ಲ, ಡೇಟಾ ನಮ್ಮ ಡಿಸ್ಕ್‌ನಲ್ಲೇ ಇರುವುದರಿಂದ.

ಇದರ ಶಕ್ತಿ ಇರುವುದು ಬ್ಯಾಕ್‌ಟೆಸ್ಟ್‌ನಲ್ಲಿ. ಎಎಫ್‌ಎಲ್ ಎಂಬ ಅದರದೇ ಭಾಷೆಯಲ್ಲಿ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ಬರೆದುಕೊಟ್ಟರೆ ನೂರಾರು ಷೇರುಗಳ ಮೇಲೆ, ಹತ್ತು ವರ್ಷದ ಉದ್ದಕ್ಕೂ ಓಡಿಸಿ ಲಾಭ ಎಷ್ಟು, ಮಧ್ಯದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂದು ತೋರಿಸುತ್ತದೆ. ಇಡೀ ಪಟ್ಟಿಯನ್ನು ಒಂದೇ ಬಂಡವಾಳದ ಮೇಲೆ ಒಟ್ಟಾಗಿ ಪರೀಕ್ಷಿಸುವ ಈ ಕೆಲಸ ನಾನು ನೋಡಿದ ಉಳಿದವುಗಳಲ್ಲಿ ಈ ಮಟ್ಟಕ್ಕೆ ಇಲ್ಲ.

ಡೇಟಾ ಮಾತ್ರ ಅದರ ಜೊತೆ ಬರುವುದಿಲ್ಲ. ಲೈವ್ ಬೇಕಿದ್ದರೆ ಟ್ರೂಡೇಟಾ, ಗ್ಲೋಬಲ್ ಡೇಟಾಫೀಡ್ಸ್‌ನಂಥ ಅಧಿಕೃತ ಮಾರಾಟಗಾರರಿಗೆ ಚಂದಾ ಕಟ್ಟಬೇಕು, ಆಗ ಇದು ಕಡಿಮೆ ಖರ್ಚಿನದಾಗಿ ಉಳಿಯುವುದಿಲ್ಲ. ದಿನದ ಚಾರ್ಟ್ ಸಾಕು ಎನ್ನುವವರಿಗೆ ಎನ್‌ಎಸ್‌ಇ ಸೈಟಿನಲ್ಲಿ ಪ್ರತಿ ಸಂಜೆ ಸಿಗುವ ಭಾವ್‌ಕಾಪಿ (ಅವತ್ತಿನ ಬೆಲೆಗಳ ಕಡತ) ಇದೆ, ಪುಕ್ಕಟೆ. ಅದನ್ನು ಇಳಿಸಿಕೊಂಡು ಆಮಿಬ್ರೋಕರ್‌ಗೆ ತುಂಬುವುದು ಒಮ್ಮೆ ಹೊಂದಿಸಿದರೆ ಎರಡು ನಿಮಿಷದ ಕೆಲಸ. 2024ರ ಜುಲೈನಲ್ಲಿ ಆ ಕಡತದ ನಮೂನೆಯೇ ಬದಲಾಗಿ ಹಳೆಯ ಹೊಂದಾಣಿಕೆ ಕೆಲಸಕ್ಕೆ ಬಾರದೆ ಹೋಯಿತು, ಕಾಲಂಗಳನ್ನು ಮತ್ತೆ ಜೋಡಿಸಿಕೊಳ್ಳಬೇಕಾಯಿತು. ಪುಕ್ಕಟೆ ಡೇಟಾ ಎಂದರೆ ಇಂಥ ಕೆಲಸಕ್ಕೂ ಸಿದ್ಧ ಇರಬೇಕು.

ಭಾವ್‌ಕಾಪಿಯಲ್ಲಿ ಬೋನಸ್, ಸ್ಪ್ಲಿಟ್ ಸರಿಹೊಂದಿಸಿರುವುದಿಲ್ಲ. 2024ರ ಅಕ್ಟೋಬರ್ 28ರಂದು ರಿಲಯನ್ಸ್ ಒಂದಕ್ಕೊಂದು ಬೋನಸ್ ಆಯಿತು. ಹಿಂದಿನ ವಹಿವಾಟಿನ ದಿನ 2,650ರ ಮೇಲಿದ್ದ ಷೇರು ಅವತ್ತು 1,330ರ ಆಸುಪಾಸು. ಸರಿಪಡಿಸದ ಚಾರ್ಟ್‌ನಲ್ಲಿ ಅದು ಅರ್ಧಕ್ಕರ್ಧ ಕುಸಿತ, ಬ್ಯಾಕ್‌ಟೆಸ್ಟ್ ಅದನ್ನು ಸ್ಟಾಪ್‌ಲಾಸ್ ಎಂದೇ ಓದುತ್ತದೆ. ಆಮಿಬ್ರೋಕರ್‌ನಲ್ಲೇ ಸ್ಪ್ಲಿಟ್ ನಮೂದಿಸುವ ಅನುಕೂಲ ಇದೆ, ಆದರೆ ನಮೂದಿಸಬೇಕಾದವರು ನಾವು. ಡಿಮರ್ಜರ್, ಅಂದರೆ ಕಂಪನಿಯ ಒಂದು ಭಾಗ ಬೇರೆ ಕಂಪನಿಯಾಗುವುದು, ಇನ್ನೂ ಸೂಕ್ಷ್ಮ. 2023ರ ಜುಲೈ 20ರಂದು ಜಿಯೊ ಫೈನಾನ್ಷಿಯಲ್ ಬೇರೆಯಾದಾಗ ಅದರ ಬೆಲೆ 261 ರೂಪಾಯಿ 85 ಪೈಸೆ ಎಂದು ನಿಗದಿಯಾಯಿತು, ರಿಲಯನ್ಸ್‌ನ ಬೆಲೆಯಿಂದ ಅಷ್ಟು ಕಳಚಿತು. ಇದನ್ನು ಒಬ್ಬರು ಹಿಂದಿನ ಬೆಲೆಗಳಿಂದ ಕಳೆದು ತೋರಿಸುತ್ತಾರೆ, ಇನ್ನೊಬ್ಬರು ಹಾಗೇ ಬಿಡುತ್ತಾರೆ. ಆದ್ದರಿಂದಲೇ ಎರಡು ಚಾರ್ಟ್‌ಗಳಲ್ಲಿ ಒಂದೇ ಷೇರಿನ ಹಳೆಯ ಗರಿಷ್ಠ ಮಟ್ಟ ಬೇರೆ ಬೇರೆ ಕಾಣುವುದು.

ದಿನದ ಕ್ಲೋಸ್ ಕೂಡ ಹೀಗೆಯೇ. ಭಾವ್‌ಕಾಪಿಯಲ್ಲಿರುವ ಕ್ಲೋಸ್ ಎಂದರೆ ಕೊನೆಯ ಅರ್ಧ ಗಂಟೆಯ ವ್ಯವಹಾರದ ಸರಾಸರಿ. ಇಂಟ್ರಾಡೇ ಕ್ಯಾಂಡಲ್ 3:30ಕ್ಕೆ ನಿಲ್ಲುವುದು ಕೊನೆಯ ವ್ಯವಹಾರದ ಬೆಲೆಗೆ. ಎರಡೂ ಸರಿಯೇ. ಆದರೆ 'ಕ್ಲೋಸ್ ಇದರ ಮೇಲಿದ್ದರೆ ಕೊಳ್ಳು' ಎಂಬ ನಿಯಮ ಇಟ್ಟುಕೊಂಡವರು ಯಾವ ಕ್ಲೋಸ್ ಎಂದು ತೀರ್ಮಾನ ಮಾಡಿಕೊಂಡಿರಬೇಕು.

ಕ್ರ್ಯಾಕ್ ಮಾಡಿದ ಆಮಿಬ್ರೋಕರ್ ಪೆನ್‌ಡ್ರೈವ್‌ನಲ್ಲಿ, ಟೆಲಿಗ್ರಾಂನಲ್ಲಿ ಓಡಾಡುತ್ತದೆ, 'ಬೈ ಸೆಲ್ ಸಿಗ್ನಲ್' ಸೇರಿಸಿ ಮಾರುವವರೂ ಇದ್ದಾರೆ. ದಯವಿಟ್ಟು ಮುಟ್ಟಬೇಡಿ. ಡಿಮ್ಯಾಟ್ ಪಾಸ್‌ವರ್ಡ್, ಬ್ಯಾಂಕ್ ಓಟಿಪಿ ಬರುವ ಲ್ಯಾಪ್‌ಟಾಪ್‌ಗೆ ಯಾರು ಏನು ಸೇರಿಸಿದ್ದಾರೋ ತಿಳಿಯದ ಕಡತ ಹಾಕುವುದು ಅಪಾಯ. ಬರೆದವನ ದುಡಿಮೆಗೆ ಬೆಲೆ ಕೊಡುವ ಮಾತು ಹೇಗೂ ಇದ್ದೇ ಇದೆ.

ಖರ್ಚಿನ ವಿಷಯದಲ್ಲಿ ಒಂದು ಅಳತೆಗೋಲು ಹೇಳುತ್ತೇನೆ. 2024ರ ಅಕ್ಟೋಬರ್ 1ರಿಂದ ಫ್ಯೂಚರ್ಸ್ ಮಾರಾಟದ ಮೇಲಿನ ಎಸ್‌ಟಿಟಿ (ವಹಿವಾಟಿನ ತೆರಿಗೆ) ಶೇ 0.0125ರಿಂದ ಶೇ 0.02ಕ್ಕೆ ಏರಿತು. ನಿಫ್ಟಿ 25,000ದಲ್ಲಿ, ಲಾಟ್ (ಒಂದು ಕಾಂಟ್ರಾಕ್ಟ್‌ನ ಪ್ರಮಾಣ) 75 ಇದ್ದಾಗ ಕಾಂಟ್ರಾಕ್ಟ್‌ನ ಮೌಲ್ಯ 18 ಲಕ್ಷ 75 ಸಾವಿರ, ಆಗಿನ ಆ ದರದಲ್ಲಿ ಒಂದು ಮಾರಾಟಕ್ಕೆ ಎಸ್‌ಟಿಟಿಯೇ 375 ರೂಪಾಯಿ ಆಗುತ್ತಿತ್ತು. ಬ್ರೋಕರೇಜು, ಜಿಎಸ್‌ಟಿ ಬೇರೆ. ಅನಗತ್ಯವಾದ ಕೆಲವು ಟ್ರೇಡ್ ತಪ್ಪಿಸಿದರೆ ಚಾರ್ಟ್‌ನ ತಿಂಗಳ ಚಂದಾ ಅದರಲ್ಲೇ ಹುಟ್ಟುತ್ತದೆ. ಆದರೆ ಚಾರ್ಟ್ ಕೊಂಡ ಮಾತ್ರಕ್ಕೆ ಟ್ರೇಡ್ ತಪ್ಪುವುದಿಲ್ಲ, ಲಾಭವೂ ಬರುವುದಿಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ನಷ್ಟ ಮಾಡಿಕೊಂಡರು ಎಂದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಹೇಳಿದೆ. ಅವರಲ್ಲೂ ಒಳ್ಳೆಯ ಚಾರ್ಟ್ ಇದ್ದವರು ಇದ್ದೇ ಇರುತ್ತಾರೆ. ಹೊಸಬರಿಗೆ ನಾನು ಬ್ರೋಕರ್ ಚಾರ್ಟ್ ಬಿಟ್ಟು ಬೇರೆ ಹೇಳದೇ ಇರುವುದು ಇದಕ್ಕೆ.

ನನ್ನ ಸದ್ಯದ ಏರ್ಪಾಡು ಇದು: ಆರ್ಡರ್‌ಗೆ ಬ್ರೋಕರ್ ಚಾರ್ಟ್, ನಿಫ್ಟಿ ಫ್ಯೂಚರ್ಸ್‌ಗೆ ಟ್ರೇಡಿಂಗ್‌ವ್ಯೂನ ಕೆಳಹಂತದ ಯೋಜನೆ, ಸಂಜೆಯ ಪಟ್ಟಿಗೆ ಪುಕ್ಕಟೆ ಚಾರ್ಟಿಂಕ್, ಹೊಸ ನಿಯಮವೊಂದನ್ನು ಪರೀಕ್ಷಿಸಬೇಕಾದಾಗ ಆಮಿಬ್ರೋಕರ್. ಒಂದಕ್ಕೇ ದುಡ್ಡು ಹಾಕುವ ಪರಿಸ್ಥಿತಿ ಬಂದರೆ, ವಾರಗಟ್ಟಲೆ ಇಟ್ಟುಕೊಳ್ಳುವ ಷೇರಿನವರಿಗೆ ಆಮಿಬ್ರೋಕರ್, ಫ್ಯೂಚರ್ಸ್‌ನವರಿಗೆ ಟ್ರೇಡಿಂಗ್‌ವ್ಯೂ ಎನ್ನುತ್ತೇನೆ.

ಯಾವುದನ್ನೇ ಆಗಲಿ ಕೊಳ್ಳುವ ಮೊದಲು ಅದರಲ್ಲಿ ರಿಲಯನ್ಸ್‌ನ ದಿನದ ಚಾರ್ಟ್ ತೆರೆದು 2023ರ ಜುಲೈ ಮತ್ತು 2024ರ ಅಕ್ಟೋಬರ್‌ಗೆ ಹೋಗಿ ನೋಡಿ. ಬೋನಸ್ ದಿನ ಬೆಲೆಯ ಜೊತೆ ವಾಲ್ಯೂಮನ್ನೂ ಸರಿಹೊಂದಿಸಿದ್ದಾರೆಯೇ ಗಮನಿಸಿ. ಟ್ರಯಲ್ ಶುರು ಮಾಡುವುದಾದರೆ ನಡುವೆ ಒಂದು ಮಾಸಿಕ ಎಕ್ಸ್‌ಪೈರಿ ಬರುವ ಹಾಗೆ ದಿನ ಆರಿಸಿಕೊಳ್ಳಿ. ನಿಫ್ಟಿಯದು 2025ರ ಸೆಪ್ಟೆಂಬರ್‌ನಿಂದ ಗುರುವಾರದ ಬದಲು ಮಂಗಳವಾರ ಬರುತ್ತಿದೆ. ಆಮಿಬ್ರೋಕರ್‌ನ ಟ್ರಯಲ್‌ನಲ್ಲಿ ಡೇಟಾ ಉಳಿಸಲು ಬಾರದು, ಹಾಗಾಗಿ ಭಾವ್‌ಕಾಪಿ ಕಡತಗಳನ್ನು ಮೊದಲೇ ಇಳಿಸಿ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡಿರಿ.